ಹನ್ನೆರಡು ವೋಲ್ಟಿನ ಗಾಳಿ

ಯಲಹಂಕ ನ್ಯೂಟೌನಿನ ಹೌಸಿಂಗ್ ಬೋರ್ಡ್ ಮನೆಗಳ ಕಾಂಪೌಂಡ್ ಗೋಡೆಗೆ ಎತ್ತರ ಗೊತ್ತುಮಾಡಿದ ಎಂಜಿನಿಯರು ಯಾರೋ ಏನೋ, ಪುಣ್ಯಾತ್ಮ ಒಳ್ಳೆ ಹರಟೆಮಲ್ಲನೇ ಇರಬೇಕು. ಕಾಫಿ ಲೋಟ ಇಟ್ಟು, ಮೊಣಕೈ ಊರಿ, ಅರ್ಧ ಗಂಟೆ ನಿಲ್ಲುವುದಕ್ಕೆ ಹೇಳಿ ಮಾಡಿಸಿದ ಅಳತೆ. ನಮ್ಮ ಸಾಲಿನಲ್ಲಿ ಮಿಕ್ಕವರೆಲ್ಲ ಹಳೆ ಮನೆ ಒಡೆದು ಮೂರು ಮಹಡಿ ಎಬ್ಬಿಸಿ, ಗೋಡೆಯನ್ನೂ ತಲೆಯ ಮೇಲಕ್ಕೆ ಏರಿಸಿ, ಅದರ ಮೇಲೊಂದು ಸಿಸಿ ಕ್ಯಾಮೆರಾ ಕೂರಿಸಿದ್ದಾರೆ. ಹಳೆಯ ಗೋಡೆ ಉಳಿದಿರುವುದು ನನಗೂ ಪಕ್ಕದ ರಾಯರಿಗೂ ನಡುವೆ ಮಾತ್ರ. ಈ ಬೇಸಿಗೆಯ ಹರಟೆಯೆಲ್ಲ ಆ ಗೋಡೆಯ ಮೇಲೆ ಒಂದು ಫ್ಯಾನಿನ ಸುತ್ತ ತಿರುಗಿತು.

ರಾಯರು ವೀಲ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಆ ಕಾರ್ಖಾನೆ ಶುರುವಾದದ್ದು 1984ರಲ್ಲಿ. ಮಾರುತಿ ವ್ಯಾನು ರಸ್ತೆಗಿಳಿದದ್ದೂ ಅದೇ 1984ರಲ್ಲಿ. "ಅದು ನನ್ನ ಬ್ಯಾಚು ಸ್ವಾಮಿ" ಅನ್ನುತ್ತಾ ತಮ್ಮ ಓಮ್ನಿಯ ಮೂತಿ ಸವರುತ್ತಾರೆ. 2019ರಲ್ಲಿ ಕಂಪನಿಯೇ ಓಮ್ನಿ ಮಾಡುವುದನ್ನು ಬಿಟ್ಟಿತು, ರಾಯರು ಬಿಡಲಿಲ್ಲ. ಈಗ ಹಿಂದಿನ ಸೀಟು ಮಡಚಿ, ಮೇಲೆ ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಹಾಸಿಗೆ ಹಾಕಿ, ಗಂಡ ಹೆಂಡತಿ ಮರವಂತೆ, ಮುರ್ಡೇಶ್ವರ ಅಂತ ಕರಾವಳಿ ಸುತ್ತಿ ಗಾಡಿಯಲ್ಲೇ ಮಲಗಿ ಬರುವ ಯೋಜನೆ. ಮೊಮ್ಮಗ ಅದಕ್ಕೆ ಕ್ಯಾಂಪರ್ ಅಂತ ಹೆಸರಿಟ್ಟಿದ್ದಾನೆ. ರಾಯರ ಹೆಂಡತಿ, ನಾನು ಅಕ್ಕ ಅನ್ನುವವರು, ಇನ್ನೂ ಓಮ್ನಿ ಅಂತಲೇ ಕರೆಯುತ್ತಾರೆ.

"ಫ್ಯಾನ್ ತಗೋಬೇಕು ಸ್ವಾಮಿ, ಜೋರು ಗಾಳಿ ಬರೋಂಥದ್ದು. ನೀವು ಜಾಲಹಳ್ಳಿ ಕಡೆ ಜೀವಮಾನವಿಡೀ ಸೋಲ್ಡರಿಂಗ್ ಮಾಡಿದೋರು, ಹೇಳಿ, ಯಾವುದು ತಗೊಳ್ಳಲಿ?"

"ಎಷ್ಟು ಹೊತ್ತು ಓಡಬೇಕು?"

"ರಾತ್ರಿಯೆಲ್ಲ."

"ಕರೆಂಟೆಲ್ಲಿಂದ?"

"ಬ್ಯಾಟರಿ ಗಾಡೀಲೇ ಇದೆಯಲ್ಲ!"

ಇಲ್ಲೇ ಎಲ್ಲರೂ ಜಾರುವುದು. ಫ್ಯಾನನ್ನು ಗಾಳಿಯ ಕಡೆಯಿಂದ ಆರಿಸಬಾರದು, ಬ್ಯಾಟರಿಯ ಕಡೆಯಿಂದ ಆರಿಸಬೇಕು ಎನ್ನುವುದು ನನ್ನ ವಾದ. ಮನೆಯಲ್ಲಿ ನಮಗೆ ಈ ಲೆಕ್ಕವೇ ಮರೆತುಹೋಗಿದೆ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟಿನದು, ಒಂಬತ್ತು ಗಂಟೆ ಓಡಿದರೂ ಮುಕ್ಕಾಲು ಯೂನಿಟ್ಟಿಗಿಂತ ಕಮ್ಮಿ. ಬೆಸ್ಕಾಂ ಬಿಲ್ಲಿನಲ್ಲಿ ಅದು ಎಲ್ಲಿದೆ ಅಂತ ಯಾರೂ ಹುಡುಕುವುದಿಲ್ಲ. ಅದೇ ಫ್ಯಾನಿಗೆ 12 ವೋಲ್ಟಿನ ಬ್ಯಾಟರಿಯಿಂದ ಉಣಿಸಿ ನೋಡಿ, ಆರು ಆಂಪಿಯರಿನ ಮೇಲೆ ಎಳೆಯುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಐವತ್ತೈದು, ಅರವತ್ತು ಆಂಪಿಯರ್-ಅವರ್ ಮಾಯ. ಮನೆಯ ಕರೆಂಟು ನಲ್ಲಿ ನೀರು, ಬ್ಯಾಟರಿ ಬಿಂದಿಗೆ ನೀರು. ಬಿಂದಿಗೆ ಇಟ್ಟುಕೊಂಡವರು ಲೋಟ ನೋಡಿ ಮೊಗೆಯಬೇಕು.

ಮೇಲಾಗಿ ಗಾಡಿಯ ಬ್ಯಾಟರಿ ಇರುವುದು ಎಂಜಿನ್ ಎಬ್ಬಿಸುವುದಕ್ಕೆ. ಒಳಗೆ ತೆಳು ತೆಳು ಪ್ಲೇಟು. ಎರಡು ಸೆಕೆಂಡು ದಂಡಿಯಾಗಿ ಕರೆಂಟು ಕೊಟ್ಟು ಸುಮ್ಮನಾಗುವ ಜಾತಿ. ಅದನ್ನು ರಾತ್ರಿಯಿಡೀ ಸಣ್ಣಗೆ ಹಿಂಡಿ ಖಾಲಿ ಮಾಡಿದರೆ ಆಯುಸ್ಸೇ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಟ್ಟರೆ ತುಂಬಿದ ಬ್ಯಾಟರಿ 12.7 ವೋಲ್ಟ್ ಆಸುಪಾಸು ತೋರಿಸುತ್ತದೆ, ಅರ್ಧ ಆದಾಗ 12.1 ಹತ್ತಿರ, 11.8ಕ್ಕೆ ಇಳಿದರೆ ಕಥೆ ಮುಗಿಯಿತು. ಬೆಳಗ್ಗೆ ಕೀ ತಿರುಗಿಸಿದರೆ 'ಟಕ್' ಅನ್ನುತ್ತದೆ ಅಷ್ಟೆ.

"ಅಂದ್ರೆ ಮರವಂತೆ ಮರಳಲ್ಲಿ ತಳ್ಳಬೇಕು ಅಂತೀರಿ."

"ನಾನಂತೂ ತಳ್ಳೋಕ್ಕೆ ಬರಲ್ಲ ಕಣ್ರೀ" ಅಂತ ಬಟ್ಟೆ ಒಣಹಾಕುತ್ತಿದ್ದ ಅಕ್ಕ ಅಲ್ಲಿಂದಲೇ ಅಂದರು. ಅಲ್ಲಿಗೆ ಎರಡನೇ ಬ್ಯಾಟರಿ ಬೇಕು ಅನ್ನುವುದು ತೀರ್ಮಾನವಾಯಿತು.

ನಮ್ಮ ಬೆಂಗಳೂರಿನವರಿಗೆ ಫ್ಯಾನಿನ ವಿಷಯದಲ್ಲಿ ಅನುಭವವೇ ಕಮ್ಮಿ ಬಿಡಿ. ಮನೆಯಲ್ಲಿ ಫ್ಯಾನಿಲ್ಲ ಅನ್ನುವುದನ್ನೇ ಊರಿನ ಹವೆಗೆ ಸರ್ಟಿಫಿಕೇಟು ಅಂತ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದ ಜನ ನಾವು. 2016ರ ಏಪ್ರಿಲ್ 24ರಂದು ಪಾದರಸ 39.2 ಡಿಗ್ರಿ ಮುಟ್ಟಿದ ಮೇಲೆ ಆ ಜಂಬ ಇಳಿಯಿತು. ಆದರೂ ಇಲ್ಲಿನ ಸೆಕೆಗೆ ಒಂದು ಮರ್ಯಾದೆ ಇದೆ, ಹೊತ್ತು ಮುಳುಗಿದ ಮೇಲೆ ತಾನಾಗಿ ಎದ್ದು ಹೋಗುತ್ತದೆ. ಕುಂದಾಪುರದ ಸೆಕೆ ಹಾಗಲ್ಲ, ಹಾಸಿಗೆಯವರೆಗೂ ಬರುತ್ತದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ; ಕರಾವಳಿಯ ಗಾಳಿ ಆಗಲೇ ನೀರು ಕುಡಿದು ತೇಗುತ್ತಿರುವುದರಿಂದ ಬೆವರು ಬೇಗ ಆರುವುದಿಲ್ಲ, ಗಾಳಿ ಹೆಚ್ಚು ಬೇಕು. ರಾಯಚೂರಿನ ಕಡೆ ಮಧ್ಯಾಹ್ನ 42 ಡಿಗ್ರಿಯಲ್ಲಿ ಗಾಡಿಯೊಳಗೆ ಫ್ಯಾನು ಹಾಕಿಕೊಂಡರೆ ಅದಿನ್ನೊಂದು ಮಜಾ, ಬಿಸಿಗಾಳಿಯನ್ನು ಮುಖಕ್ಕೆ ರಾಚುತ್ತದೆ. ಅಲ್ಲಿ ಬೇಕಾದ್ದು ಮರದ ನೆರಳು.

ರಾಯರ ಅಳಿಯ ಫೋನಿನಲ್ಲಿ ಸಲಹೆ ಕೊಟ್ಟನಂತೆ: ಸಣ್ಣ ಇನ್ವರ್ಟರ್ ಹಾಕಿ, ಮನೆಯ ಟೇಬಲ್ ಫ್ಯಾನೇ ಇಟ್ಟುಕೊಳ್ಳಿ ಮಾವ ಅಂತ. ಅಳಿಯನ ಮಾತು ತೆಗೆದುಹಾಕುವುದು ನೆರೆಯವನಿಗೆ ಶೋಭೆಯಲ್ಲ. ಆದರೂ ಹೇಳಿದೆ. 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವಾಗಲೇ ಹತ್ತು, ಹದಿನೈದು ಪರ್ಸೆಂಟು ಬಿಸಿಯಾಗಿ ಹೋಗುತ್ತದೆ. ಏನೂ ಓಡದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ ತಾನು ಅಷ್ಟಿಷ್ಟು ತಿನ್ನುತ್ತಿರುತ್ತದೆ. ಅದರ ಒಳಗೂ ಒಂದು ಪುಟ್ಟ ಫ್ಯಾನಿದೆ, ಅದನ್ನು ತಣಿಸುವುದಕ್ಕೆ! ಇಷ್ಟೆಲ್ಲ ಮಾಡಿ ಸಿಗುವುದು 50 ವಾಟಿನ ಟೇಬಲ್ ಫ್ಯಾನು. ಡಿಸಿ ಇದ್ದಲ್ಲಿ ಡಿಸಿ ಫ್ಯಾನು ಹಾಕುವುದು ಜಾಣತನ.

ರಾಯರಿಗೆ ಇದು ಹೊಸದೇನಲ್ಲ, ನೆನಪಿಸಿದೆ ಅಷ್ಟೆ. ಅವರ ಕಾರ್ಖಾನೆಯ ಗಾಲಿಗಳ ಮೇಲೆ ಓಡುತ್ತಿದ್ದ ಬೋಗಿಗಳಲ್ಲಿ ಇದ್ದ ಫ್ಯಾನು ಯಾವುದು? ಯಶವಂತಪುರದಲ್ಲಿ ಸೆಕೆಂಡ್ ಕ್ಲಾಸ್ ಹತ್ತಿ ಕೂತರೆ ತಂತಿಬೋನಿನೊಳಗಿನ ಆ ಫ್ಯಾನು ಸ್ವಿಚ್ಚು ಒತ್ತಿದರೂ ತಿರುಗುತ್ತಿರಲಿಲ್ಲ. ಯಾರಾದರೊಬ್ಬರು ಎದ್ದು ನಿಂತು ಬಾಚಣಿಗೆ ತೂರಿಸಿ ರೆಕ್ಕೆ ತಳ್ಳಬೇಕು, ಆಗ ಗರಗರ ಅಂತ ಹೊರಡುತ್ತಿತ್ತು. ಅದು 110 ವೋಲ್ಟಿನ ಡಿಸಿ ಫ್ಯಾನು. ಅಚ್ಚಿಗೆ ಬೆಲ್ಟು ಹಾಕಿ ಆಲ್ಟರ್ನೇಟರ್ ತಿರುಗಿಸುವುದು, ಅದರಿಂದ ಬೋಗಿಯ ಹೊಟ್ಟೆಯಡಿಯ ಬ್ಯಾಟರಿ ತುಂಬಿಸುವುದು, ರೈಲು ಸಿಗ್ನಲ್ಲಿಗೆ ನಿಂತಾಗ ಆ ಬ್ಯಾಟರಿಯಿಂದ ದೀಪ ಫ್ಯಾನು ನಡೆಸುವುದು. ಮನೆಗೆ ಕದ್ದೊಯ್ದರೂ ಉಪಯೋಗಕ್ಕೆ ಬಾರದ ಫ್ಯಾನು ಅಂತ ಹೆಸರಾಗಿದ್ದೂ ಅದಕ್ಕೇ. ಓಡುವಾಗ ತುಂಬಿಸಿ ನಿಂತಾಗ ಖರ್ಚು ಮಾಡುವ ಈ ಕ್ಯಾಂಪರಿನ ಯುಕ್ತಿಯನ್ನು ರೈಲ್ವೆಯವರು ಯಾವ ಕಾಲದಲ್ಲೋ ಮಾಡಿ ಮುಗಿಸಿದ್ದಾರೆ.

"ಹೌದಲ್ಲ ಸ್ವಾಮಿ! ನಮ್ಮಲ್ಲೇ ಇತ್ತಲ್ಲ!" ಅಂದರು ರಾಯರು. ಅಂದು ರಾತ್ರಿ ಅವರಿಗೆ ಊಟ ರುಚಿಸಿರಬೇಕು.

ಹಳ್ಳಿಗಳಲ್ಲೂ ಹನ್ನೆರಡು ವೋಲ್ಟು ಹಳೆಯ ನೆಂಟ. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಶುರುಮಾಡಿದ ಸೆಲ್ಕೋ, ಕರೆಂಟು ಕಾಣದ ಮತ್ತು ಕಂಡೂ ಕಾಣದ ಎಷ್ಟೋ ಮನೆಗಳಿಗೆ ಸೋಲಾರ್ ದೀಪ ಕೊಟ್ಟಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೂರಿನ ಮೇಲೊಂದು ಪ್ಯಾನೆಲು, ಮೂಲೆಯಲ್ಲೊಂದು ಬ್ಯಾಟರಿ, ಅದಕ್ಕೆ ಡಿಸಿ ದೀಪ, ಡಿಸಿ ಫ್ಯಾನು. ಅಂಥ ಮನೆಯವರನ್ನು ಕೇಳಿ, ಯಾವ ದೀಪ ಎಷ್ಟು ಗಂಟೆ ಉರಿಸಬಹುದು ಅಂತ ಬಾಯಲ್ಲೇ ಹೇಳುತ್ತಾರೆ. ಹೆಬ್ಬಾಳದ ಕಡೆ ಸಂಜೆ ಜೋಳ ಸುಡುವ ಗಾಡಿಯವರಲ್ಲೂ ಕೆಲವರು ಕೆಂಡಕ್ಕೆ ಬೀಸಣಿಗೆ ಬಿಟ್ಟು ಪುಟ್ಟ ಬ್ಲೋಯರ್ ಇಟ್ಟಿದ್ದಾರೆ, ಪಕ್ಕದಲ್ಲೊಂದು ಸ್ಕೂಟರ್ ಬ್ಯಾಟರಿ. ಲೆಕ್ಕ ಬಾರದವರು ನಾವು, ಪಟ್ಟಣದ ಓದಿದವರು.

ಇಷ್ಟು ಪೀಠಿಕೆಯಾದ ಮೇಲೆ ರಾಯರು ಒಂದು ದಿನ ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಹೋಗಿ ಲಾರಿ ಫ್ಯಾನು ಹಿಡಿದುಕೊಂಡು ಬಂದರು. ಡ್ರೈವರುಗಳು ಡ್ಯಾಶ್‌ಬೋರ್ಡಿಗೆ ಕಚ್ಚಿಸುತ್ತಾರಲ್ಲ, ಕ್ಲಿಪ್ಪಿನದು, ಹಿಂದೆ ದೇವರ ಪಟ, ಮುಂದೆ ಫ್ಯಾನು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಂತ ಸರ್ಕಾರ ನಿಯಮ ಮಾಡಿದೆ, ಇರಲಿ, ಹಳೆ ಲಾರಿಗಳಿಗೆ ಇದೇ ಗತಿ. ನಾನು ಫ್ಯಾನು ತಿರುಗಿಸಿ ಹಿಂಬದಿ ಚೀಟಿ ನೋಡಿದೆ. 24 ವೋಲ್ಟ್, 20 ವಾಟ್. ಕಾರು ವ್ಯಾನುಗಳು 12 ವೋಲ್ಟಿನವು, ದೊಡ್ಡ ಲಾರಿ ಬಸ್ಸುಗಳು 24. ಹನ್ನೆರಡರ ಫ್ಯಾನನ್ನು ಇಪ್ಪತ್ನಾಲ್ಕಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ. ಇಪ್ಪತ್ನಾಲ್ಕರದನ್ನು ಹನ್ನೆರಡಕ್ಕೆ ಕೊಟ್ಟರೆ?

ಕೊಟ್ಟೇ ನೋಡಿದೆವು. ಗೋಡೆಯ ಮೇಲೆ ಬ್ಯಾಟರಿ ಇಟ್ಟು, ಮೊಸಳೆ ಕ್ಲಿಪ್ಪು ಕಚ್ಚಿಸಿ. ಬ್ರಷ್ ಇರುವ ಹಳೇ ಕಾಲದ ಮೋಟಾರು, ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ತಿರುಗಿತು. ಸದ್ದೇ ಇಲ್ಲ. ಮೀಟರಿನಲ್ಲಿ ಆಂಪಿಯರಿನ ಮೂರನೇ ಒಂದು ಪಾಲು, ಅಂದರೆ ನಾಲ್ಕು ವಾಟು. ವೇಗ ಅರ್ಧವಾಯಿತು, ಖರ್ಚು ಮಾತ್ರ ಐದನೇ ಒಂದಕ್ಕೆ ಬಿತ್ತು. ಫ್ಯಾನಿನ ಧರ್ಮವೇ ಅದು. ರೆಕ್ಕೆಯ ವೇಗ ಎರಡು ಪಟ್ಟಾದರೆ ಗಾಳಿಯನ್ನು ತಳ್ಳುವ ಶ್ರಮ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಪುಟ್ಟ ರೆಕ್ಕೆಯನ್ನು ಕಿರುಚುವಂತೆ ಓಡಿಸುವುದಕ್ಕಿಂತ ಅಗಲ ರೆಕ್ಕೆಯನ್ನು ನಿಧಾನವಾಗಿ ತಿರುಗಿಸುವುದು ಲಾಭ. ನಾನು ಇದನ್ನೆಲ್ಲ ಸಂಭ್ರಮದಿಂದ ವಿವರಿಸುತ್ತಿದ್ದರೆ ಅಕ್ಕ ಬಂದು ಮುಖ ಒಡ್ಡಿ ನಿಂತರು.

"ಗಾಳಿ ಬರ್ತಿದೆ ಅಂತ ಗೊತ್ತಾಗೋಕ್ಕೆ ಎದುರಿಗೆ ಕ್ಯಾಲೆಂಡರ್ ತೂಗುಹಾಕ್ಬೇಕು."

ಲಾರಿ ಫ್ಯಾನು ಅಟ್ಟಕ್ಕೆ ಹೋಯಿತು.

ಮುಂದಿನ ಸವಾರಿ ಎಸ್.ಪಿ. ರೋಡು. ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗದಿರುವುದು ಪಾರ್ಕಿಂಗ್ ಒಂದೇ. ಕಂಪ್ಯೂಟರಿನೊಳಗಿನ 120 ಎಂಎಂ ಫ್ಯಾನು ರಾಶಿ ಬಿದ್ದಿರುತ್ತದೆ. 12 ವೋಲ್ಟಿನದು, ಎರಡು ಮೂರು ವಾಟಿನಲ್ಲಿ ವರ್ಷಗಟ್ಟಲೆ ಓಡುತ್ತದೆ. ಮುಖಕ್ಕೆ ಗಾಳಿ ಬೀಸುವುದಕ್ಕೆ ಅದು ಸಾಲದು, ಕಿಟಕಿಯಲ್ಲಿ ಕೂರಿಸಿ ಒಳಗಿನ ಬಿಸಿಯನ್ನು ಹೊರಹಾಕುವುದಕ್ಕೆ ಸೊಗಸು. ಯುಎಸ್‌ಬಿ ಫ್ಯಾನುಗಳೂ ಇವೆ, ಅವು 5 ವೋಲ್ಟಿನವು. 20,000 ಎಂಎಎಚ್ ಪವರ್ ಬ್ಯಾಂಕು ಅಂದರೆ ಒಳಗಿನ ಸೆಲ್ಲು 3.7 ವೋಲ್ಟಿನದಾದ್ದರಿಂದ 74 ವಾಟ್-ಅವರ್; ಕೈಗೆ ಸಿಗುವುದು ಅರವತ್ತರ ಸುಮಾರು. ಐದು ವಾಟಿನ ಫ್ಯಾನು ಒಂದು ರಾತ್ರಿ ಆರಾಮಾಗಿ ನಡೆಯುತ್ತದೆ. ಒಬ್ಬನೇ ಹುಡುಗ ಟೆಂಟಿನಲ್ಲಿ ಮಲಗುವುದಾದರೆ ಅಷ್ಟೇ ಸಾಕು, ಇಷ್ಟೆಲ್ಲ ರಾಮಾಯಣ ಬೇಡ.

ರಾಯರಿಗೆ ಹೊಂದಿದ್ದು ಎಂಟು ಇಂಚಿನ ಬಿಎಲ್‌ಡಿಸಿ ಫ್ಯಾನು, ಮೂರು ಸ್ಪೀಡು, ಜೋರಿನಲ್ಲಿ ಹತ್ತು ವಾಟು. ಬ್ರಷ್ ಇಲ್ಲ, ಕಿಡಿಯಿಲ್ಲ, ಗುಂಯ್ ಅನ್ನುವುದಿಲ್ಲ. ಮನೆಗೆ ಬರುತ್ತಿರುವ 28 ವಾಟಿನ ಸೀಲಿಂಗ್ ಫ್ಯಾನುಗಳ ಒಳಗೂ ಇದೇ ಮೋಟಾರು. ಕೊಳ್ಳುವಾಗ ಒಂದು ನೋಡಲೇಬೇಕು. 12 ವೋಲ್ಟ್ ಅಂತ ಬರೆದ ಮಾತ್ರಕ್ಕೆ ಆಗಲಿಲ್ಲ, ಎಂಜಿನ್ ಓಡುವಾಗ ಗಾಡಿಯ ಲೈನಿನಲ್ಲಿ 14.4 ವೋಲ್ಟ್ ವರೆಗೂ ಇರುತ್ತದೆ, ಅದನ್ನು ತಡೆಯುತ್ತದೋ ಇಲ್ಲವೋ ಕೇಳಬೇಕು. ಇನ್ನೊಂದು, ಕೆಂಪು ಕಪ್ಪು ವೈರು ಅದಲುಬದಲಾದರೆ ಬ್ರಷ್ಷಿನ ಫ್ಯಾನು ಉಲ್ಟಾ ತಿರುಗಿ ತಮಾಷೆ ಮಾಡುತ್ತದೆ. ಬಿಎಲ್‌ಡಿಸಿ ತಮಾಷೆ ಮಾಡುವುದಿಲ್ಲ, ಒಳಗಿನ ಸರ್ಕ್ಯೂಟು ಹೋದರೂ ಹೋಯಿತು.

ಹತ್ತು ವಾಟು, ಒಂಬತ್ತು ಗಂಟೆ, ರಾತ್ರಿಗೆ ತೊಂಬತ್ತು ವಾಟ್-ಅವರ್. ಇದು ಕೈಗೆ ಬಂದ ಮೇಲೆ ಬ್ಯಾಟರಿ ಅಂಗಡಿಗೆ ಹೋಗಬಹುದು. ಲೆಡ್ ಆಸಿಡ್ ಆದರೆ 40 ಆಂಪಿಯರ್-ಅವರಿನದು, ಹೆಸರಿಗೆ 480 ವಾಟ್-ಅವರ್, ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಬಳಸಲು ಸಿಗುವುದು 240. ಎತ್ತಿದರೆ ರಾಯರ ಸೊಂಟ ಹಿಡಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 3.2 ವೋಲ್ಟಿನ ನಾಲ್ಕು ಸೆಲ್ಲು ಸಾಲಾಗಿ 12.8, 20 ಆಂಪಿಯರ್-ಅವರಿಗೆ 256 ವಾಟ್-ಅವರ್, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಧೈರ್ಯವಾಗಿ ಬಳಸಬಹುದು, ತೂಕ ಮೂರು ಕೇಜಿ ಒಳಗೆ. ದುಡ್ಡು ಜಾಸ್ತಿ. ರಾಯರು ಸೊಂಟದ ಪರವಾಗಿ ತೀರ್ಪು ಕೊಟ್ಟರು.

ಅದನ್ನು ತುಂಬಿಸುವುದು ಹೇಗೆ? ಮನೆಯಲ್ಲಿ ಅದಕ್ಕೆ ತಕ್ಕ ಚಾರ್ಜರ್ ಹಾಕಿ ತುಂಬಿಸಿ ಹೊರಟರೆ ಎರಡು ರಾತ್ರಿ ಕಳೆಯಿತು. ದಾರಿಯಲ್ಲಿ ತುಂಬಬೇಕಾದರೆ ಆಲ್ಟರ್ನೇಟರಿನಿಂದ ನೇರವಾಗಿ ಎಳೆಯಬಾರದು, ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಿದ್ದೇ ಅವಕಾಶ ಅಂತ ಎಗ್ಗಿಲ್ಲದೆ ಎಳೆದು ಓಮ್ನಿಯ ಪುಟ್ಟ ಆಲ್ಟರ್ನೇಟರನ್ನು ಕಾಯಿಸಿಬಿಡುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಇರಬೇಕು. ಐದು ಆಂಪಿಯರಿನದಾದರೆ ಯಲಹಂಕದಿಂದ ಹಾಸನ ಮುಟ್ಟುವಷ್ಟರಲ್ಲಿ ಹದಿನೈದು ಆಂಪಿಯರ್-ಅವರ್ ವಾಪಸು. ಎರಡು ಮೂರು ದಿನ ಒಂದೇ ಕಡೆ ಠಿಕಾಣಿ ಹೂಡುವವರು 50 ವಾಟಿನ ಸೋಲಾರ್ ಪ್ಯಾನೆಲು ಇಟ್ಟುಕೊಳ್ಳಲಿ. ನಮ್ಮ ಬೇಸಿಗೆಯ ಬಿಸಿಲಿಗೆ ದಿನಕ್ಕೆ 150 ವಾಟ್-ಅವರಿಗೆ ಮೋಸವಿಲ್ಲ. ಪ್ಯಾನೆಲಿಗೆ ನೇರವಾಗಿ ಫ್ಯಾನು ಸಿಕ್ಕಿಸಬೇಡಿ. ಹನ್ನೆರಡರ ಪ್ಯಾನೆಲು ಅಂತ ಕರೆಯುವುದು ಬಿಸಿಲಿನಲ್ಲಿ ಇಪ್ಪತ್ತು ದಾಟಿಸುತ್ತದೆ, ನಡುವೆ ಚಾರ್ಜ್ ಕಂಟ್ರೋಲರ್ ಬೇಕು.

ವೈರಿನ ವಿಷಯಕ್ಕೆ ಮಾತ್ರ ರಾಯರಿಗೂ ನನಗೂ ಸಣ್ಣ ಜಟಾಪಟಿ. ಅವರು ಹಳೇ ಬೆಲ್ಲಿನ ತೆಳು ವೈರು ತಂದಿದ್ದರು. "ಹನ್ನೆರಡೇ ವೋಲ್ಟು, ಶಾಕೇ ಹೊಡೆಯಲ್ಲ, ಇಷ್ಟು ಸಾಕು." ಶಾಕು ಹೊಡೆಯುವುದಿಲ್ಲ ನಿಜ, ಆದರೆ ವೋಲ್ಟೇಜು ಕಮ್ಮಿಯಾದಷ್ಟೂ ಅದೇ ಕೆಲಸಕ್ಕೆ ಕರೆಂಟು ಹೆಚ್ಚು ಬೇಕು. ಅರ್ಧ ಚದರ ಮಿಲಿಮೀಟರಿನ ವೈರು ನಾಲ್ಕು ಮೀಟರ್ ಹೋಗಿ ಬರುವಷ್ಟರಲ್ಲಿ ಎರಡು ಆಂಪಿಯರಿಗೆ ಅರ್ಧ ವೋಲ್ಟು ನುಂಗುತ್ತದೆ. 230ರಲ್ಲಿ ಅರ್ಧ ಹೋದರೆ ಯಾರು ಕೇಳುತ್ತಾರೆ, ಹನ್ನೆರಡರಲ್ಲಿ ಹೋದರೆ ಫ್ಯಾನು ಸೊರಗುತ್ತದೆ. ಮನೆಯ ವೈರಿಂಗಿನಲ್ಲಿ ಮಿಕ್ಕ ಒಂದೂವರೆ ಚದರ ಎಂಎಂ ವೈರು ಹಾಕಿದರೆ ಮುಗಿಯಿತು. ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ ಐದು ಆಂಪಿಯರಿನ ಫ್ಯೂಸು ಬೇಕೇ ಬೇಕು. ಬ್ಯಾಟರಿಯ ಎರಡು ತುದಿಗೆ ಅಡ್ಡಲಾಗಿ ಸ್ಪ್ಯಾನರ್ ಬಿದ್ದದ್ದನ್ನು ಕಂಡವರು ಈ ಮಾತಿಗೆ ಎದುರಾಡುವುದಿಲ್ಲ. ಸಿಗರೇಟ್ ಲೈಟರಿನ ಸಾಕೆಟ್ಟನ್ನು ನಾನು ನಂಬುವುದಿಲ್ಲ. ಗಾಡಿ ಕುಲುಕಿದಾಗ ಸಡಿಲವಾಗಿ ಬಿಸಿಯಾಗುವುದು ಅದರ ಹುಟ್ಟುಗುಣ.

ಇನ್ನು ಫ್ಯಾನು ಎಲ್ಲಿ ಕೂರಿಸುವುದು. ಓಮ್ನಿಯ ಎಂಜಿನು ಮುಂದಿನ ಸೀಟಿನ ಕೆಳಗೇ ಇದೆ. ಘಾಟಿ ಇಳಿದು ಬಂದು ನಿಲ್ಲಿಸಿದರೆ ಗಂಟೆಗಟ್ಟಲೆ ಅದರ ಕಾವು ಒಳಗೇ ಏಳುತ್ತಿರುತ್ತದೆ. ಆ ಕಾವಿಗೆ ಫ್ಯಾನು ತಿರುಗಿಸಿದರೆ ಅದೇ ಬಿಸಿಯನ್ನು ಕಲಸಿ ಕೊಟ್ಟಂತೆ. ಮೊದಲು ಹೊರಗಿನ ಗಾಳಿ ಒಂದು ಕಡೆಯಿಂದ ಬರಬೇಕು, ಒಳಗಿನದು ಎತ್ತರದಲ್ಲಿ ಇನ್ನೊಂದು ಕಡೆಯಿಂದ ಹೋಗಬೇಕು. ಹೋಗುವ ಕಡೆ ಆ ಕಂಪ್ಯೂಟರ್ ಫ್ಯಾನು ಎರಡು, ಮಲಗುವ ಕಡೆ ಬಿಎಲ್‌ಡಿಸಿ. ವಿದೇಶದ ಕ್ಯಾಂಪರುಗಳಲ್ಲಿ ಸೂರಿಗೆ 14 ಇಂಚು ಚೌಕ ಕೊರೆದು ಫ್ಯಾನು ಇಳಿಬಿಡುತ್ತಾರೆ. ರಾಯರು ಆಸೆಗಣ್ಣಿನಿಂದ ಓಮ್ನಿಯ ನೆತ್ತಿ ನೋಡಿದರು. ಬೇಡ ಅಂದೆ. ತಯಾರಕರ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಎಫ್‌ಸಿಗೆ ಹೋದಾಗ ಆರ್‌ಟಿಒ ಮುಂದೆ ಸೂರಿನ ಕಿಂಡಿಗೆ ಯಾವ ಕಥೆ ಕಟ್ಟುತ್ತೀರಿ?

ಕಿಟಕಿ ತೆರೆದರೆ ಸೊಳ್ಳೆ. ಯಲಹಂಕ ಕೆರೆಯ ಪಕ್ಕದವರಿಗೆ ಸೊಳ್ಳೆಯ ಬಗ್ಗೆ ಪಾಠ ಬೇಕಿಲ್ಲ. ಬಲೆ ಕಟ್ಟಿದರೆ ಗಾಳಿ ಅರ್ಧಕ್ಕರ್ಧ ಅಲ್ಲೇ ಸೋಸಿಹೋಗುತ್ತದೆ, ಆದ್ದರಿಂದ ಬಲೆಯ ವಿಸ್ತಾರ ಆದಷ್ಟು ದೊಡ್ಡದಿರಬೇಕು, ಮೈಮೇಲೆ ಬೀಸುವ ಫ್ಯಾನು ಬಲೆಯ ಒಳಗಿರಬೇಕು. ಸೆಕೆ ತಡೆಯಲಾರದೆ ಕಿಟಕಿ ಏರಿಸಿ, ಎಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗುವವರಿದ್ದಾರೆ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಇದೊಂದನ್ನು ರಾಯರಿಗೆ ನಗದೆ ಹೇಳಿದೆ. ಗಾಡಿಯೊಳಗೆ ಸ್ಟೌ ಹಚ್ಚಿ ಕಾಫಿ ಕಾಯಿಸುವುದಕ್ಕೂ ಅದೇ ಮಾತು.

ಎಲ್ಲ ಜೋಡಿಸಿ, ಕ್ರಿಂಪ್ ಮಾಡಿ, ಫ್ಯಾನು ಸೀಟಿನ ಹಿಂಬದಿಯ ಕಂಬಿಗೆ ಕಚ್ಚಿಸಿ, ಅಕ್ಕನನ್ನು ಕರೆದು ಮಲಗಿ ನೋಡಿ ಅಂದೆವು. ಅವರು ಮಲಗಿದರು. ರಾಯರು ಪಕ್ಕದಲ್ಲಿ ಮಲಗಿದರು. ಎರಡು ನಿಮಿಷ ಸುಮ್ಮನಿದ್ದು ಅಕ್ಕ ಎದ್ದು ಕೂತರು.

"ಇದು ಪೂರಾ ಅವರ ಕಡೆಗೇ ಬೀಸ್ತಿದೆ."

ನಾವು ಫ್ಯಾನು ತಿರುಗಿಸಿದೆವು. ಆಗ ರಾಯರಿಗೆ ಬರಲಿಲ್ಲ. ನಡುವೆ ಇಟ್ಟರೆ ಇಬ್ಬರಿಗೂ ಬರಲಿಲ್ಲ. ಎರಡನೇ ಫ್ಯಾನು ತರುವುದು ಅಂತಾಯಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮತ್ತೆ ಗುಣಾಕಾರ: ಎರಡು ಫ್ಯಾನು ಜೋರಾಗಿ ಓಡಿದರೆ ರಾತ್ರಿಗೆ 180, ಒಂದು ರಾತ್ರಿಗೇ ಬ್ಯಾಟರಿ ಸುಸ್ತು. ನಡುವಿನ ಸ್ಪೀಡಿನಲ್ಲಿ ನಾಲ್ಕು ವಾಟಿನಂತೆ ಓಡಿದರೆ 72, ಮೊದಲಿಗಿಂತ ಕಮ್ಮಿಯೇ! ರಾಯರು ಆ 72ಕ್ಕೆ ಎರಡು ಗೆರೆ ಎಳೆದು, "ಎರಡಕ್ಕೂ ಬೇರೆ ಬೇರೆ ಸ್ವಿಚ್ಚು ಹಾಕಿಬಿಡೋಣ ಸ್ವಾಮಿ" ಅಂದರು.

"ಅವರ ಸ್ವಿಚ್ಚೂ ನನ್ನ ಕೈಗೆ ಎಟುಕೋ ಹಂಗೆ ಹಾಕಿ" ಅಂದರು ಅಕ್ಕ. "ಬೆಳಗಿನ ಜಾವ ಚಳಿ ಅಂತ ಮುದುಡ್ಕೊಂಡು ನನ್ನ ಹೊದಿಕೆ ಎಳ್ಕೋತಾರೆಯೇ ಹೊರತು ಎದ್ದು ಫ್ಯಾನ್ ಆರಿಸಲ್ಲ."